ನಾಲ್ಕು ಬಣ್ಣ ಬಿಟ್ಟು ಕಾಯುವುದು

"ಟ್ರಾಲಿಂಗಿಗೆ ಹೋಗ್ತೀಯಾ? ನಿನಗೆ ಎಂತಕ್ಕೆ ಮಾರಾಯ ಅದೆಲ್ಲ?"

ಫೋನಿನಲ್ಲಿ ಅಮ್ಮನ ದನಿಯಲ್ಲಿ ನಿಜವಾದ ಭಯ ಇತ್ತು. ನಮ್ಮ ಮನೆ ಮಲ್ಪೆಯಿಂದ ದೂರ ಇಲ್ಲ. ಅಲ್ಲಿ ಟ್ರಾಲ್ ಬೋಟ್ ಅಂದ್ರೆ ಹತ್ತು ಹನ್ನೆರಡು ದಿನ ಕಡಲಲ್ಲೇ ಇದ್ದು, ದೊಡ್ಡ ಬಲೆ ಎಳೆದು, ಐಸಿನಲ್ಲಿ ಮೀನು ತುಂಬಿಕೊಂಡು ಬರುವ ಬೋಟ್. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಏಳು ಜನರ ಸಮೇತ ಕಾಣೆಯಾಯಿತು. ಆ ದಿನಗಳನ್ನು ನಮ್ಮೂರ ಕಡೆಯವರು ಯಾರೂ ಮರೆತಿಲ್ಲ. ಅಮ್ಮನ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು.

"ಅಮ್ಮ, ಇದು ಟ್ರಾಲಿಂಗ್ ಅಲ್ಲ, ಟ್ರೋಲಿಂಗ್," ಅಂದೆ. ಒಂದು ಅಕ್ಷರ ಬೇರೆ, ಕೆಲಸ ಪೂರ್ತಿ ಬೇರೆ. ಬಲೆ ಇಲ್ಲ. ಎರಡು ಗಾಳ, ಒಂದು ಸಣ್ಣ ಬೋಟು. ಬೋಟನ್ನು ನಿಧಾನವಾಗಿ ಓಡಿಸುತ್ತಾ ಗಾಳವನ್ನು ಹಿಂದೆ ಎಳೆದುಕೊಂಡು ಹೋಗುವುದು. ಸಂಜೆಯೊಳಗೆ ಮನೆ. ದಡ ಯಾವತ್ತೂ ಕಣ್ಣಿಗೆ ಕಾಣುವಷ್ಟು ಹತ್ತಿರ. ಅಮ್ಮನಿಗೆ ಸ್ವಲ್ಪ ಸಮಾಧಾನ ಆಯಿತು. "ಎಂತ ಮೀನು?" ಅಂತ ಕೇಳಿದರು.

ಸ್ಟ್ರೈಪ್ಡ್ ಬಾಸ್. ಇಲ್ಲಿನವರ ಬಾಯಲ್ಲಿ ಸ್ಟ್ರೈಪರ್. ದಕ್ಷಿಣಕ್ಕೆ ಚೆಸಪೀಕ್ ಕೊಲ್ಲಿಯ ಕಡೆ ಹೋದರೆ ಅದೇ ಮೀನಿಗೆ ರಾಕ್‌ಫಿಶ್ ಅನ್ನುತ್ತಾರೆ. ಬೆಳ್ಳಿ ಮೈ, ಕಿವಿರಿನಿಂದ ಬಾಲದ ತನಕ ಏಳೆಂಟು ಕಪ್ಪು ಗೆರೆ. ಸ್ಕೇಲ್ ಇಟ್ಟು ಎಳೆದ ಹಾಗೆ ಇರುತ್ತದೆ. ಇದು ಕಡಲಲ್ಲಿ ಬೆಳೆದು, ವಸಂತದಲ್ಲಿ ಹೊಳೆ ಹತ್ತಿ ಸಿಹಿನೀರಿನಲ್ಲಿ ಮೊಟ್ಟೆ ಇಡುವ ಮೀನು. ಅಮೆರಿಕದ ಪೂರ್ವ ಕರಾವಳಿಯ ಸ್ಟ್ರೈಪರ್‌ಗಳಲ್ಲಿ ಬಹುಪಾಲಿನ ತವರು ಚೆಸಪೀಕ್ ಕೊಲ್ಲಿಗೆ ಸೇರುವ ಹೊಳೆಗಳು. ಹಡ್ಸನ್, ಡೆಲವೇರ್ ನದಿಗಳಲ್ಲೂ ಹುಟ್ಟುತ್ತವೆ. ಮೊಟ್ಟೆ ಇಟ್ಟ ಮೇಲೆ ದೊಡ್ಡ ಮೀನುಗಳು ದಡ ಹಿಡಿದು ಉತ್ತರಕ್ಕೆ ಬರುತ್ತವೆ. ನಾನಿರುವ ಮ್ಯಾಸಚೂಸೆಟ್ಸ್‌ಗೆ ಮೇ ತಿಂಗಳಲ್ಲಿ ಬಂದು, ಅಕ್ಟೋಬರ್ ಹೊತ್ತಿಗೆ ತಿರುಗಿ ಹೊರಡುತ್ತವೆ. ಆ ಐದು ತಿಂಗಳಿಗಾಗಿ ಇಲ್ಲಿನ ಎಷ್ಟೋ ಜನ ವರ್ಷವಿಡೀ ಕಾಯುತ್ತಾರೆ. ಈಗ ನಾನೂ ಅವರಲ್ಲೊಬ್ಬ.

ನನಗೆ ಇದನ್ನು ಕಲಿಸಿದವರು ಪಕ್ಕದ ಮನೆಯ ಅಜ್ಜ. ನನ್ನ ಮಗಳು ಅವರನ್ನು ಕನ್ನಡದಲ್ಲೇ 'ಅಜ್ಜ' ಅಂತ ಕರೆಯುತ್ತಾಳೆ, ಅವರೂ ಆ ಹೆಸರಿಗೆ ತಿರುಗಿ ನೋಡುತ್ತಾರೆ. ಎಪ್ಪತ್ತು ದಾಟಿದೆ. ಇಪ್ಪತ್ತಡಿಯ ಹಳೇ ಬೋಟು ಅವರದು. ಟ್ರೇಲರ್ ಮೇಲೆ ಹಾಕಿಕೊಂಡು ನಸುಕಿನಲ್ಲಿ ಬಾಸ್ಟನ್ ಕಡೆಯಿಂದ ಕೇಪ್ ಕಾಡ್‌ಗೆ ಹೋಗುತ್ತೇವೆ. ಡೆನಿಸ್ ಊರಿನ ಸೆಸ್ಯೂಯಿಟ್ ಬಂದರಿನಲ್ಲಿ ಬೋಟ್ ಇಳಿಸುತ್ತೇವೆ. ಅಲ್ಲಿಂದ ಕೇಪ್ ಕಾಡ್ ಕೊಲ್ಲಿಯೊಳಗೆ, ಬಿಲಿಂಗ್ಸ್‌ಗೇಟ್ ಅನ್ನುವ ದಿಬ್ಬದ ಕಡೆಗೆ.

ಮೊದಲ ವರ್ಷ ನನಗೆ ಇದು ಗಾಳ ಹಾಕುವ ಕೆಲಸ ಅಂತಲೇ ಅನ್ನಿಸಿರಲಿಲ್ಲ. ಗಾಳ ಎಸೆದು, ಎಳೆದು, ಕೈಯಲ್ಲಿ ಆಟ ಆಡಿಸುವುದು ಗಾಳ. ಇಲ್ಲಿ ರಾಡನ್ನು ಬೋಟಿನ ಅಂಚಿನ ಹೋಲ್ಡರಿಗೆ ಸಿಕ್ಕಿಸಿ ಸುಮ್ನೆ ಕೂರುವುದು. ಬೋಟೇ ಕೆಲಸ ಮಾಡುತ್ತದೆ, ಮನುಷ್ಯನಿಗೆ ಏನಿದೆ ಅಂದುಕೊಂಡಿದ್ದೆ. ಆ ಅಭಿಪ್ರಾಯ ತಪ್ಪು ಅಂತ ಗೊತ್ತಾಗಲು ಒಂದು ಬೇಸಿಗೆ ಬೇಕಾಯಿತು. ಟ್ರೋಲಿಂಗಿನಲ್ಲಿ ಎರಡೇ ಪ್ರಶ್ನೆ. ಗಾಳ ಎಷ್ಟು ಆಳದಲ್ಲಿದೆ? ಎಷ್ಟು ವೇಗದಲ್ಲಿ ಹೋಗುತ್ತಿದೆ? ಎರಡೂ ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಕೈಯಿಂದ, ದಾರದಿಂದ, ರಾಡಿನ ತುದಿಯಿಂದ ತಿಳಿದುಕೊಳ್ಳಬೇಕು. ಅದೇ ಕೆಲಸ.

ನಾವು ಜಾಸ್ತಿ ಬಳಸುವುದು ಟ್ಯೂಬ್ ಮತ್ತು ಹುಳ. ನೋಡಿದರೆ ಇಷ್ಟೇನಾ ಅನ್ನಿಸುವ ಸಾಮಾನು. ಆಸ್ಪತ್ರೆಯಲ್ಲಿ ಬಳಸುವ ಥರದ ರಬ್ಬರ್ ಕೊಳವೆ, ಒಂದೂವರೆ ಎರಡು ಅಡಿ ಉದ್ದ. ನಮ್ಮದು ಕೋಕಂ ಬಣ್ಣದ್ದು, ಪುನರ್ಪುಳಿ ಶರಬತ್ತಿನ ಕೆಂಪು. ಮುಂದೆ ಒಂದು ಸ್ವಿವೆಲ್, ಅಂದರೆ ತನ್ನಷ್ಟಕ್ಕೆ ತಿರುಗುವ ಲೋಹದ ಗಂಟು. ಹಿಂದೆ ಒಂದೇ ಒಂದು ಕೊಕ್ಕೆ. ಕೊಳವೆ ನೇರ ಇರುವುದಿಲ್ಲ, ಸ್ವಲ್ಪ ಬಾಗಿರುತ್ತದೆ. ಆ ಬಾಗು ಇದ್ದರೇ ನೀರಿನಲ್ಲಿ ಎಳೆದಾಗ ನಿಧಾನವಾಗಿ ಸುತ್ತುತ್ತದೆ. ಮೀನಿಗೆ ಅದು ಈಲ್ ಅನ್ನುವ ಹಾವಿನಂಥ ಮೀನಿನ ಹಾಗೆ ಕಾಣುತ್ತದೋ, ದೊಡ್ಡ ಹುಳದ ಹಾಗೆ ಕಾಣುತ್ತದೋ, ಆ ಮೀನೇ ಹೇಳಬೇಕು.

ಕೊಕ್ಕೆಗೆ ಸಿಕ್ಕಿಸುವುದು ಸ್ಯಾಂಡ್‌ವರ್ಮ್ ಎಂಬ ಸಮುದ್ರದ ಹುಳ. ಮೇನ್ ರಾಜ್ಯದ ಕೆಸರು ದಡಗಳಲ್ಲಿ ಇಳಿತದ ಹೊತ್ತಿಗೆ ಜನ ಬಗ್ಗಿ ಅಗೆದು ತೆಗೆಯುತ್ತಾರೆ. ಅಂಗಡಿಯಲ್ಲಿ ಹಸಿ ಪಾಚಿಯ ನಡುವೆ ಇಟ್ಟು ಮಾರುತ್ತಾರೆ. ಗೇಣುದ್ದ, ಎರಡೂ ಬದಿಗೆ ಜರಿಹುಳದ ಹಾಗೆ ಸಾಲು ಕಾಲು, ತಲೆಯಲ್ಲಿ ಒಂದು ಜೊತೆ ಕಪ್ಪು ಚಿಮಟ. ಹಿಡಿಯುವುದು ಗೊತ್ತಿಲ್ಲದಿದ್ದರೆ ಬೆರಳಿಗೆ ಕಚ್ಚುತ್ತದೆ. ತಲೆಯ ಹತ್ತಿರ ಕೊಕ್ಕೆ ಚುಚ್ಚಿ, ಉಳಿದ ಮೈಯನ್ನು ಬಾಲದ ಹಾಗೆ ಹಿಂದೆ ಬಿಡಬೇಕು. ಹುಳ ಇಲ್ಲದೆ ಬರೀ ಟ್ಯೂಬ್ ಬಿಟ್ಟು ನೋಡಿದ್ದೇನೆ. ಮೀನು ಬಂದು ನೋಡಿ ಹೋಗುತ್ತದೆ ಅಂತ ಕಾಣುತ್ತದೆ, ಕಚ್ಚುವುದಿಲ್ಲ. ವಾಸನೆ ಬೇಕು.

ಇನ್ನು ಆಳದ ಮಾತು. ರಬ್ಬರ್ ಕೊಳವೆ ತಾನಾಗಿ ಮುಳುಗುವುದಿಲ್ಲ. ಅದನ್ನು ತಳಕ್ಕೆ ಒಯ್ಯುವುದು ದಾರ. ಈ ದಾರಕ್ಕೆ ಲೆಡ್‌ಕೋರ್ ಅನ್ನುತ್ತಾರೆ. ಒಳಗೆ ಸೀಸದ ತೆಳು ಎಳೆ, ಮೇಲೆ ಹೆಣೆದ ನೂಲಿನ ಕವಚ. ಕವಚದ ಬಣ್ಣ ಪ್ರತಿ 30 ಅಡಿಗೆ ಬದಲಾಗುತ್ತದೆ. ಹಾಗಾಗಿ ಬೋಟಿನಲ್ಲಿ ಯಾರೂ ಅಡಿ ಲೆಕ್ಕ ಹೇಳುವುದಿಲ್ಲ. "ಎಷ್ಟು ಬಣ್ಣ ಬಿಟ್ಟೆ?" ಅಂತ ಕೇಳುತ್ತಾರೆ. ನಿಧಾನ ವೇಗದಲ್ಲಿ ಒಂದು ಬಣ್ಣಕ್ಕೆ ಸುಮಾರು ಐದಡಿ ಆಳ ಅಂತ ಲೆಕ್ಕ. ಇಪ್ಪತ್ತಡಿ ನೀರಿದ್ದರೆ ನಾಲ್ಕು ಬಣ್ಣ. ರೀಲಿನಿಂದ ಕೆಂಪು ಹೋಯಿತು, ಹಳದಿ ಹೋಯಿತು, ಹಸಿರು, ನೀಲಿ. ಹೆಬ್ಬೆರಳು ರೀಲಿನ ಮೇಲೆ ಮೆಲ್ಲಗೆ ಒತ್ತಿಕೊಂಡಿರಬೇಕು. ಕೈ ಬಿಟ್ಟರೆ ರೀಲು ದಾರಕ್ಕಿಂತ ಜೋರಾಗಿ ತಿರುಗಿ, ಒಳಗೆಲ್ಲ ಗೋಜಲು.

ಲೆಡ್‌ಕೋರಿನ ತುದಿಗೆ ಲೀಡರ್, ಅಂದರೆ ದಾರಕ್ಕೂ ಟ್ಯೂಬಿಗೂ ನಡುವಿನ ನೈಲಾನ್ ಎಳೆ, ಕಟ್ಟುವುದು ಒಂದು ಚೆಂದದ ಕೆಲಸ. ನೂಲಿನ ಕವಚವನ್ನು ಹಿಂದಕ್ಕೆ ಸರಿಸಿ, ಒಳಗಿನ ಸೀಸವನ್ನು ನಾಲ್ಕೈದು ಇಂಚು ಮುರಿದು ತೆಗೆಯಬೇಕು. ಕವಚ ಖಾಲಿ ಚೀಲದ ಹಾಗೆ ಆಗುತ್ತದೆ. ಆ ಟೊಳ್ಳಿನೊಳಗೆ ನೈಲಾನ್ ಲೀಡರನ್ನು ತೂರಿಸಿ ಗಂಟು ಹಾಕಬೇಕು. ಸವೆದು ಹೋಗದ ಗಂಟು, ರಾಡಿನ ಬಳೆಗಳಲ್ಲಿ ತಡೆಯದೆ ಜಾರುತ್ತದೆ. ಅಜ್ಜನ ಕೈಬೆರಳು ಈಗ ನಡುಗುತ್ತವೆ. ಆದರೂ ಈ ಗಂಟನ್ನು ಮಾತ್ರ ನನಗೆ ಬಿಡುವುದಿಲ್ಲ. ಕನ್ನಡಕ ಹಣೆ ಮೇಲೆ ಏರಿಸಿ, ದಾರವನ್ನು ಮೂಗಿನ ಹತ್ತಿರ ತಂದುಕೊಂಡು ಅವರೇ ಕಟ್ಟುತ್ತಾರೆ. ನಾನು ನೋಡುತ್ತಾ ಕೂರುತ್ತೇನೆ.

ವೇಗ ಇದಕ್ಕಿಂತ ಕಷ್ಟ. ಗಂಟೆಗೆ ಎರಡು, ಹೆಚ್ಚೆಂದರೆ ಎರಡೂವರೆ ಮೈಲಿ. ಹಾಲು ತರಲು ನಡೆದು ಹೋಗುವವರು ಇದಕ್ಕಿಂತ ಜೋರಾಗಿ ನಡೆಯುತ್ತಾರೆ. ಬೋಟಿನ ಎಂಜಿನ್ನಿಗೆ ಇಷ್ಟು ನಿಧಾನ ಗೊತ್ತೇ ಇಲ್ಲ. ಗೇರ್ ಹಾಕಿ ಸುಮ್ನೆ ಬಿಟ್ಟರೂ ಮೂರರ ಮೇಲೆ ಓಡುತ್ತದೆ. ಅದಕ್ಕೆ ಅಜ್ಜ ಒಂದು ಪ್ಲಾಸ್ಟಿಕ್ ಬಕೆಟ್ಟಿನ ತಳಕ್ಕೆ ತೂತು ಕೊರೆದು, ಹಗ್ಗ ಕಟ್ಟಿ ಪಕ್ಕಕ್ಕೆ ಎಸೆಯುತ್ತಾರೆ. ನೀರು ತುಂಬಿದ ಬಕೆಟ್ ಬೋಟನ್ನು ಹಿಂದಕ್ಕೆ ಜಗ್ಗುತ್ತದೆ. ಹಣ ಇದ್ದವರು ಇದೇ ಕೆಲಸಕ್ಕೆ ಎರಡನೇ ಸಣ್ಣ ಎಂಜಿನ್ ಇಟ್ಟುಕೊಳ್ಳುತ್ತಾರೆ.

ನಾನು ಮೊದಲು ಜಿಪಿಎಸ್ ಪರದೆ ನೋಡುತ್ತಾ ಬೋಟ್ ಓಡಿಸುತ್ತಿದ್ದೆ. 2.3 ಅಂತ ತೋರಿಸಿದರೆ ಎಲ್ಲ ಸರಿ ಅಂದುಕೊಳ್ಳುತ್ತಿದ್ದೆ. ಅಜ್ಜ ಒಂದು ದಿನ ಪರದೆಗೆ ಟವೆಲ್ ಮುಚ್ಚಿದರು. "ತುದಿ ನೋಡು," ಅಂದರು. ಜಿಪಿಎಸ್ ಹೇಳುವುದು ನೆಲದ ಮೇಲಿನ ವೇಗ. ಟ್ಯೂಬಿಗೆ ಬೇಕಾದದ್ದು ನೀರಿನೊಳಗಿನ ವೇಗ. ಭರತದ ನೀರು ಹಿಂದಿನಿಂದ ತಳ್ಳುತ್ತಿದ್ದರೆ ಪರದೆಯಲ್ಲಿ ಎರಡೂವರೆ ಇರುತ್ತದೆ, ಟ್ಯೂಬು ಮಾತ್ರ ನಿಂತ ಹಾಗೆ ತಳದಲ್ಲಿ ಬಿದ್ದಿರುತ್ತದೆ. ಅದೇ ನೀರಿಗೆ ಎದುರಾಗಿ ಹೋದರೆ ಅದೇ ಎರಡೂವರೆಗೆ ಟ್ಯೂಬು ಮೇಲೆದ್ದು ಗಿರಗಿರ ಸುತ್ತುತ್ತಿರುತ್ತದೆ. ಸರಿಯಾದ ವೇಗದಲ್ಲಿ ರಾಡಿನ ತುದಿ ಒಂದೇ ಲಯದಲ್ಲಿ ಮೆಲ್ಲಗೆ ತಲೆಯಾಡಿಸುತ್ತದೆ. ತೊಟ್ಟಿಲು ತೂಗುವಷ್ಟು ನಿಧಾನ. ಟಕ್ ಟಕ್ ಅಂದರೆ ತಳದ ಕಲ್ಲಿಗೆ ತಾಗುತ್ತಿದೆ, ಸ್ವಲ್ಪ ದಾರ ಸುತ್ತು. ತಲೆಯಾಡಿಸುವುದು ನಿಂತರೆ ಪಾಚಿ ಸಿಕ್ಕಿಕೊಂಡಿದೆ. ಒಂದೇ ಎಳೆ ಪಾಚಿ ಇದ್ದರೂ ಸ್ಟ್ರೈಪರ್ ಮುಟ್ಟುವುದಿಲ್ಲ. ಆಗ ನಾಲ್ಕು ಬಣ್ಣವನ್ನೂ ಮೇಲೆ ಸುತ್ತಿ, ಬಿಡಿಸಿ, ಮತ್ತೆ ಬಿಡಬೇಕು. ಎಷ್ಟು ಸಲ ಆದರೂ ಬೇಸರ ಮಾಡಿಕೊಳ್ಳಬಾರದು. ಪಾಚಿ ಹಿಡಿದ ಟ್ಯೂಬನ್ನು ಇಡೀ ಗಂಟೆ ಎಳೆಯುವವರನ್ನು ನಾನು ನೋಡಿದ್ದೇನೆ.

ತಿರುವಿನ ಪಾಠ ನನಗೆ ತುಂಬ ಇಷ್ಟ. ಬೋಟನ್ನು ಅಗಲವಾಗಿ ಬಲಕ್ಕೆ ತಿರುಗಿಸಿದಾಗ ಬಲಬದಿಯ ಗಾಳ ನಿಧಾನವಾಗಿ ಕೆಳಗೆ ಇಳಿಯುತ್ತದೆ. ಎಡಬದಿಯದು ಹೊರಸುತ್ತಿನಲ್ಲಿ ವೇಗ ಪಡೆದು ಮೇಲೇರುತ್ತದೆ. ಹಾಗಾಗಿ ನೇರ ಓಡುವಾಗ ಏನೂ ಸಿಗದೆ, ತಿರುವಿನಲ್ಲಿ ಒಳಗಿನ ಗಾಳಕ್ಕೆ ಮೀನು ಹೊಡೆದರೆ ನಾವು ಇಷ್ಟು ಹೊತ್ತು ಜಾಸ್ತಿ ಮೇಲೆ ಅಥವಾ ಜಾಸ್ತಿ ಜೋರಾಗಿ ಎಳೆಯುತ್ತಿದ್ದೆವು ಅಂತ ಅರ್ಥ. ಹೊರಗಿನದಕ್ಕೆ ಹೊಡೆದರೆ ಅದರ ಉಲ್ಟಾ. ಬೋಟ್ ತಿರುಗಿಸುವುದೇ ಕಾಣದ ನೀರಿಗೆ ಕೇಳುವ ಪ್ರಶ್ನೆ. ಈ ಕೊಲ್ಲಿಯಲ್ಲಿ ನೇರವಾಗಿ ಗೆರೆ ಎಳೆದ ಹಾಗೆ ಓಡಿಸುವವರು ಬರಿಗೈಯಲ್ಲಿ ಬರುವುದಕ್ಕೆ ಇದೇ ಕಾರಣ ಅಂತ ನನ್ನ ನಂಬಿಕೆ. ತಿರುಗಿಸುವಾಗ ಲಾಬ್‌ಸ್ಟರ್ ಬೋನುಗಳ ಬುರುಡೆಗಳ ಮೇಲೂ ಕಣ್ಣಿರಬೇಕು. ಬಣ್ಣಬಣ್ಣದ ಆ ತೇಲುಬುರುಡೆಗಳ ಕೆಳಗೆ ಹಗ್ಗ ಇರುತ್ತದೆ. ನಮ್ಮ ದಾರ ಅದಕ್ಕೆ ಸುತ್ತಿಕೊಂಡರೆ ಇನ್ನೊಬ್ಬರ ಹೊಟ್ಟೆಪಾಡಿನ ಮೇಲೆ ಕೈ ಹಾಕಿದ ಹಾಗೆ.

ಮೀನು ಹೊಡೆದಾಗ ಏನು ಮಾಡಬಾರದು ಅನ್ನುವುದನ್ನು ನಾನು ಒಂದು ಒಳ್ಳೇ ಮೀನು ಕಳೆದುಕೊಂಡೇ ಕಲಿತೆ. ರಾಡಿನ ತುದಿ ಎರಡು ಸಲ ಕುಟುಕಿತು. ನಾನು ಹಾರಿ ಹೋಗಿ ರಾಡ್ ಕಿತ್ತು ಜೋರಾಗಿ ಎಳೆದೆ. ಹುಳದ ಅರ್ಧ ಮೈ ಮಾತ್ರ ವಾಪಸು ಬಂತು. ಸ್ಟ್ರೈಪರ್ ಮೊದಲು ಬಾಲ ಕಚ್ಚಿ ನೋಡುತ್ತದೆ. ಆಗ ಬೋಟ್ ಹಾಗೇ ಓಡುತ್ತಿರಬೇಕು, ರಾಡ್ ಹೋಲ್ಡರಿನಲ್ಲೇ ಇರಬೇಕು. ಎರಡನೇ ಸಲ, ಮೂರನೇ ಸಲ ಕುಟುಕಿ, ಆಮೇಲೆ ರಾಡ್ ಇಡಿಯಾಗಿ ನೀರಿನ ಕಡೆ ಬಾಗುತ್ತದೆ. ರೀಲಿನ ಕ್ಲಿಕ್ಕರ್ ಕರ್ ಅಂತ ಕೂಗುತ್ತದೆ. ಅಷ್ಟು ಹೊತ್ತಿಗೆ ಕೊಕ್ಕೆ ತಾನೇ ಕೂತಿರುತ್ತದೆ. ಆಗಲೂ ಎಂಜಿನ್ ಥಟ್ಟನೆ ನಿಲ್ಲಿಸಬಾರದು. ನಿಲ್ಲಿಸಿದರೆ ದಾರ ಸಡಿಲಾಗಿ ಕೊಕ್ಕೆ ಬಿದ್ದುಹೋಗುತ್ತದೆ.

ಟ್ಯೂಬ್ ಒಂದೇ ದಾರಿ ಅಲ್ಲ, ಅಜ್ಜನ ಶೆಡ್ಡಿನಲ್ಲಿ ಬೇರೆಯವೂ ನೇತಾಡುತ್ತಿವೆ. ಮೊನೆಲ್ ಅನ್ನುವ ಲೋಹದ ತಂತಿಯ ಗಾಳ ಒಂದಿದೆ. 100 ಅಡಿ ತಂತಿ ಬಿಟ್ಟರೆ ಸುಮಾರು 10 ಅಡಿ ಆಳ, 300 ಅಡಿ ಬಿಟ್ಟರೆ 30. ಲಾಂಗ್ ಐಲ್ಯಾಂಡಿನ ತುದಿಯ ಮಾಂಟಾಕ್‌ನಂಥ ಜೋರು ಸೆಳೆತದ ನೀರಿಗೆ ತಂತಿಯೇ ಬೇಕು. ಆದರೆ ಒಂದು ಸಲ ಮಡಿಕೆ ಬಿದ್ದರೆ ಅಲ್ಲೇ ಮುರಿಯುತ್ತದೆ. ನ್ಯೂಜೆರ್ಸಿ ಕಡೆ ಬಂಕರ್ ಸ್ಪೂನ್ ಅಂತ ಅಂಗೈಗಿಂತ ಉದ್ದದ ತಗಡಿನ ಚಮಚ ಎಳೆಯುತ್ತಾರೆ. ಬಂಕರ್ ಅಂದ್ರೆ ಮೆನ್‌ಹೇಡನ್ ಮೀನು, ಎಣ್ಣೆ ಮೀನು, ನಮ್ಮ ಬೂತಾಯಿಯ ನೆಂಟ. ಇನ್ನು ಅಂಬ್ರೆಲಾ ರಿಗ್, ಬಟ್ಟೆ ತೆಗೆದ ಕೊಡೆಯ ಕಡ್ಡಿಗಳ ಹಾಗೆ ನಾಲ್ಕು ದಿಕ್ಕಿಗೆ ತಂತಿ, ಪ್ರತಿಯೊಂದಕ್ಕೂ ಒಂದೊಂದು ರಬ್ಬರ್ ಮೀನು. ಸಣ್ಣ ಮೀನಿನ ಗುಂಪು ಹೋದ ಹಾಗೆ ಕಾಣುತ್ತದೆ. ಮೀನು ಸಿಗುವುದೂ ನಿಜ. ನನಗೆ ಮಾತ್ರ ಅದು ಹಿಡಿಸಲಿಲ್ಲ. ಆ ಭಾರದ ಕೆಳಗೆ ಮೀನಿನ ಎಳೆತ ಕೈಗೆ ಗೊತ್ತೇ ಆಗುವುದಿಲ್ಲ. ನಾಲ್ಕಾರು ಕೊಕ್ಕೆಗಿಂತ ಒಂದು ಕೊಕ್ಕೆ ಮೀನಿಗೂ ಒಳ್ಳೆಯದು. ಬಿಡಿಸಿ ನೀರಿಗೆ ಬಿಡುವಾಗ ಇದು ಗೊತ್ತಾಗುತ್ತದೆ.

ಬಿಡುವ ಮಾತು ಇಲ್ಲಿ ಮುಖ್ಯ. ಈ ಮೀನು ಒಮ್ಮೆ ಕೈಬಿಟ್ಟು ಹೋಗಿತ್ತು. ಮೊದಮೊದಲ ವಲಸಿಗರ ಕಾಲದಲ್ಲಿ ಎಷ್ಟು ಇತ್ತೆಂದರೆ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. 1639ರಲ್ಲೇ ಮ್ಯಾಸಚೂಸೆಟ್ಸ್ ಬೇ ಕಾಲೊನಿ, ಬಾಸ್ ಮತ್ತು ಕಾಡ್ ಮೀನನ್ನು ಗೊಬ್ಬರ ಮಾಡಬಾರದು ಅಂತ ಆಜ್ಞೆ ಹೊರಡಿಸಿತು. 1970ರ ದಶಕದ ಕೊನೆಗೆ ಬರುವಷ್ಟರಲ್ಲಿ ಚೆಸಪೀಕ್‌ನಲ್ಲಿ ಮರಿಗಳೇ ಕಾಣದಾದವು. 1984ರಲ್ಲಿ ಅಮೆರಿಕದ ಸಂಸತ್ತು ಈ ಒಂದು ಮೀನಿಗಾಗಿಯೇ ಕಾಯಿದೆ ಮಾಡಿತು. 1985ರಿಂದ ಐದು ವರ್ಷ ಮೇರಿಲ್ಯಾಂಡ್ ರಾಜ್ಯ ಹಿಡಿಯುವುದನ್ನೇ ಪೂರ್ತಿ ನಿಲ್ಲಿಸಿತು. ಅದೇ ಮೀನಿನಿಂದ ಬದುಕುತ್ತಿದ್ದ ಜನ ಐದು ವರ್ಷ ಕೈಕಟ್ಟಿ ಕೂತರು. 1995ರಲ್ಲಿ ಮೀನು ಚೇತರಿಸಿಕೊಂಡಿದೆ ಅಂತ ಸಾರಿದರು. ಅಜ್ಜ ಆ ವರ್ಷಗಳನ್ನು ಕಂಡವರು. ಒಂದಿಡೀ ಬೇಸಿಗೆ ಒಂದೂ ಮೀನು ಕಾಣದೆ ಕಳೆದದ್ದು, ಆಮೇಲೆ ಒಂದು ದಿನ ಬೋಟಿನ ಸುತ್ತ ನೀರೇ ಕುದಿದ ಹಾಗೆ ಮೀನು ಎದ್ದದ್ದು, ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಾರೆ.

ಈಗ ಮತ್ತೆ ಇಳಿಮುಖ. 2019ರ ಲೆಕ್ಕದಲ್ಲಿ ಮೀನಿನ ಸಂಖ್ಯೆ ಇರಬೇಕಾದ್ದಕ್ಕಿಂತ ಕೆಳಗಿದೆ ಅಂತ ಗೊತ್ತಾಯಿತು. ಅದೇ ಹೊತ್ತಿನಿಂದ ಚೆಸಪೀಕ್‌ನಲ್ಲಿ ವರ್ಷದಿಂದ ವರ್ಷಕ್ಕೆ ಮರಿಗಳೂ ಕಡಿಮೆ. 2023ರಲ್ಲಿ ತುರ್ತು ನಿಯಮ ತಂದು, ಸಮುದ್ರದಲ್ಲಿ ಗಾಳ ಹಾಕುವವರು 28 ಇಂಚಿಗಿಂತ ಸಣ್ಣದನ್ನೂ 31 ಇಂಚಿಗಿಂತ ದೊಡ್ಡದನ್ನೂ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಮಾಡಿದರು. ನಡುವಿನ ಅಳತೆಯದು, ದಿನಕ್ಕೆ ಒಬ್ಬರಿಗೆ ಒಂದು. ಕಬ್ಬಿಣದ ಕೊಕ್ಕೆ ಚುಚ್ಚಿ ಬೋಟಿಗೆ ಎತ್ತುವ ಹಾಗೂ ಇಲ್ಲ.

ಸಣ್ಣದನ್ನು ಬಿಡುವುದು ಅಮ್ಮನಿಗೆ ಅರ್ಥ ಆಯಿತು. ನಮ್ಮಲ್ಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಮೀನು ಮರಿ ಮಾಡುವ ಕಾಲ ಅಂತ. "ದೊಡ್ಡದನ್ನು ಯಾಕೆ ಬಿಡಬೇಕು?" ಅಂತ ಕೇಳಿದರು. ದೊಡ್ಡವು ಹೆಚ್ಚಾಗಿ ಹೆಣ್ಣು. ದೊಡ್ಡದಾದಷ್ಟೂ ಮೊಟ್ಟೆ ಜಾಸ್ತಿ, ಒಂದೊಂದು ಲಕ್ಷಗಟ್ಟಲೆ ಇಡುತ್ತದೆ. ಅಂಥ ಒಂದನ್ನು ತಿಂದರೆ ಒಂದು ಹೊಳೆಯ ಮರಿಗಳನ್ನೇ ತಿಂದ ಹಾಗೆ ಅಂದೆ. ಅಮ್ಮ "ಹೌದಾ" ಅಂದರು.

ಕಳೆದ ಜೂನ್ ಕೊನೆಯ ವಾರ. ಬಿಲಿಂಗ್ಸ್‌ಗೇಟ್ ದಿಬ್ಬದ ಅಂಚು. ಒಂದು ಕಾಲದಲ್ಲಿ ಅಲ್ಲಿ ದ್ವೀಪವೇ ಇತ್ತು. ಮನೆಗಳು, ಶಾಲೆ, ದೀಪಸ್ತಂಭ ಇದ್ದವು. ಕಡಲ್ಕೊರೆತ ಅನ್ನುತ್ತೇವಲ್ಲ, ಅದು ವರ್ಷ ವರ್ಷ ತಿಂದು, 1942ರ ಹೊತ್ತಿಗೆ ಇಡೀ ದ್ವೀಪ ಮುಳುಗಿತು. ಈಗ ಇಳಿತದಲ್ಲಿ ಒಂದಿಷ್ಟು ಹೊಯ್ಗೆ, ಒಂದಿಷ್ಟು ಕಲ್ಲು ಕಾಣುತ್ತದೆ. ಮನೆಗಳಿದ್ದ ಜಾಗದ ಪಕ್ಕದಲ್ಲಿ ನಾವು ಟ್ಯೂಬ್ ಎಳೆಯುತ್ತಿದ್ದೆವು. ಇಳಿತ ಶುರುವಾಗಿತ್ತು. ಅಜ್ಜ ಬಲಕ್ಕೆ ತಿರುಗಿಸಿದರು. ಒಳಬದಿಯ ನನ್ನ ರಾಡು ಒಂದು ಸಲ ಕುಟುಕಿತು. ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಮತ್ತೊಮ್ಮೆ ಕುಟುಕಿತು. ಆಮೇಲೆ ತುದಿ ನೀರಿಗೆ ಹೋಯಿತು, ಕ್ಲಿಕ್ಕರ್ ಕೂಗಿತು, ನಾನು ಬಿಟ್ಟ ನಾಲ್ಕು ಬಣ್ಣದ ಹಿಂದೆಯೇ ಇನ್ನೂ ಎರಡು ಬಣ್ಣ ಓಡಿತು.

ಮೇಲೆ ಬರಲು ಹತ್ತು ನಿಮಿಷ ಹಿಡಿಯಿತೇನೋ. ಅಳತೆ ಹಿಡಿದರೆ 42 ಇಂಚು. ಸ್ಟ್ರೈಪರ್ ಬಾಯಲ್ಲಿ ಚೂಪು ಹಲ್ಲಿಲ್ಲ, ಮರಳು ಕಾಗದದ ಹಾಗೆ ಒರಟು ಇರುತ್ತದೆ. ಕೆಳದವಡೆಯನ್ನು ಹೆಬ್ಬೆರಳಿನಿಂದ ಹಿಡಿದು ನೀರಿನಲ್ಲೇ ಇಟ್ಟುಕೊಂಡೆ. ಕೊಕ್ಕೆ ಬಾಯಿಯ ಮೂಲೆಯಲ್ಲಿತ್ತು, ಇಕ್ಕಳದಿಂದ ಒಂದೇ ಸಲಕ್ಕೆ ಬಂತು. ಅಜ್ಜ ಬೋಟನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರು, ಕಿವಿರಿನೊಳಗೆ ನೀರು ಹರಿಯಲಿ ಅಂತ. ಕಿವಿರು ತೆರೆದು ಮುಚ್ಚಿ, ತೆರೆದು ಮುಚ್ಚಿ. ಹತ್ತಿರದಿಂದ ನೋಡಿದರೆ ಕಪ್ಪು ಗೆರೆಗಳ ನಡುವಿನ ಹುರುಪೆಗಳಲ್ಲಿ ನೇರಳೆ ಬಣ್ಣ ಇತ್ತು. ಫೋಟೋದಲ್ಲಿ ಅದು ಬರುವುದಿಲ್ಲ. ಆಮೇಲೆ ದವಡೆ ನನ್ನ ಬೆರಳನ್ನು ಬಿಗಿಯಾಗಿ ಅಮುಕಿತು. ಬಿಡಬಹುದು ಅಂತ ಅದೇ ಸೂಚನೆ. ಬಾಲ ಒಂದು ಸಲ ಬೀಸಿ, ನನ್ನ ಮುಖಕ್ಕೆಲ್ಲ ನೀರು ಎರಚಿ ಕೆಳಗೆ ಹೋಯಿತು.

ನೀರು ಬಿಸಿಯಾದಷ್ಟೂ ಬಿಟ್ಟ ಮೀನು ಬದುಕುವುದು ಕಷ್ಟ. ಹಾಗಾಗಿ ಬೋಟಿನ ಥರ್ಮಾಮೀಟರು 21 ಡಿಗ್ರಿ ದಾಟಿತೆಂದರೆ ನಾವು ಗಾಳ ಸುತ್ತಿ ಮನೆಗೆ ಬರುತ್ತೇವೆ. ಇದು ಸರ್ಕಾರದ ನಿಯಮ ಅಲ್ಲ, ಅಜ್ಜನದು. ಆ ದಿನ ಇನ್ನೂ 17 ಇತ್ತು. ಮಧ್ಯಾಹ್ನದೊಳಗೆ 29 ಇಂಚಿನದೊಂದು ಸಿಕ್ಕಿತು, ಅದನ್ನು ಇಟ್ಟುಕೊಂಡೆವು. ಮನೆಯಲ್ಲಿ ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ ಅರೆದು ಹಚ್ಚಿ ಕಾವಲಿಯಲ್ಲಿ ಕಾಯಿಸಿದೆ. ಬಿಳೀ ಮಾಂಸ, ದಪ್ಪ ದಪ್ಪ ಪದರ. ಅಜ್ಜ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತಾ ಎರಡು ತುಂಡು ತಿಂದರು.

ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗ್ಗೆ. ಮೊದಲು ಕಂಡದ್ದು ಸಿಪ್ಪೆ ಎದ್ದ ನನ್ನ ಹೆಬ್ಬೆರಳು. "ತೆಂಗಿನೆಣ್ಣೆ ಹಚ್ಚು," ಅಂದರು. ಆಮೇಲೆ ಕೇಳಿದರು, "ಬಿಟ್ಟದ್ದು ಎಷ್ಟು ದೊಡ್ಡದಿತ್ತು?"

ಕೈ ಅಗಲಿಸಿ ತೋರಿಸಿದೆ. ಎರಡೂ ಕೈ ಒಟ್ಟಿಗೆ ಪರದೆಯೊಳಗೆ ಹಿಡಿಸಲಿಲ್ಲ. ಮಗಳನ್ನು ಕರೆದು, ಫೋನ್ ಹಿಡಿದು ಗೋಡೆಯ ತನಕ ಹಿಂದೆ ಹೋಗು ಅಂದೆ.